ಮೂರು ಊರಿನ ರಕ್ತದಾನಿಗಳ ಪಟ್ಟಿ

ಆ ತಾಯಿಗೆ ಅಂದು ಒಂದೇ ತಾಸಿನೊಳಗೆ ಮೂರು ಸಲ ಫೋನ್ ಹೋಯಿತು. ಮೂರನೆಯದನ್ನು ಮಾಡಿದವಳು ನಾನು.

ನನ್ನ ನಾದಿನಿ, ಅಂದರೆ ಗಂಡನ ತಂಗಿ, ಹೆರಿಗೆಗೆಂದು ಹೊನ್ನಾವರದ ಒಂದು ಆಸ್ಪತ್ರೆ ಸೇರಿದ್ದಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ನಾವೆಲ್ಲ ಮಗು ಯಾರ ಹಾಗಿದೆ ಎಂದು ಮಾತಾಡಿಕೊಳ್ಳುತ್ತಿರುವಾಗಲೇ ಡಾಕ್ಟರು ಹೊರಗೆ ಬಂದರು. ರಕ್ತ ನಿಲ್ಲುತ್ತಿಲ್ಲ, ಓ ನೆಗೆಟಿವ್ ಬೇಕು, ಒಂದು ಬಾಟಲಿ ಸಿಕ್ಕಿದೆ, ಇನ್ನೂ ಒಂದು ಬೇಕೇ ಬೇಕು, ದಾನಿ ಯಾರಾದರೂ ಗೊತ್ತಿದ್ದರೆ ಕೂಡಲೇ ರಕ್ತನಿಧಿಗೆ ಕಳಿಸಿ ಎಂದರು. ಓ ನೆಗೆಟಿವ್ ಇರುವವರು ನೂರಕ್ಕೆ ಒಬ್ಬರೋ ಇಬ್ಬರೋ. ನಮ್ಮ ಮನೆಯಲ್ಲಿ ಅವಳೊಬ್ಬಳೇ.

ಗಂಡನ ಫೋನಿಗೆ ಹತ್ತೇ ನಿಮಿಷದಲ್ಲಿ ಮೂರು ಪಟ್ಟಿ ಬಂದವು. ಭಟ್ಕಳದ್ದೊಂದು, ಹೊನ್ನಾವರದ್ದೊಂದು, ಕುಮಟೆಯದ್ದೊಂದು. ಮೂರೂ ಊರಿನಲ್ಲಿ ರಕ್ತದಾನಿಗಳ ಹೆಸರು ಬರೆದಿಟ್ಟುಕೊಳ್ಳುವ ಜನ ಇದ್ದಾರೆ, ಪುಣ್ಯಾತ್ಮರು. ನಾನು, ನನ್ನ ಗಂಡ, ನಾದಿನಿಯ ಗಂಡ, ಮೂವರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಂದೊಂದು ಪಟ್ಟಿ ಹಂಚಿಕೊಂಡೆವು. ಒಬ್ಬರು ದುಬೈಯಲ್ಲಿದ್ದರು. ಒಬ್ಬರ ನಂಬರಿನಲ್ಲಿ ಒಂಬತ್ತೇ ಅಂಕಿ. ಒಬ್ಬರು, "ನಂದು ಓ ಪಾಸಿಟಿವ್, ಯಾರು ನೆಗೆಟಿವ್ ಅಂತ ಬರೆದದ್ದು?" ಎಂದು ಗದರಿದರು. ಇನ್ನೊಂದು ನಂಬರು ವ್ಯಾಪ್ತಿ ಪ್ರದೇಶದ ಹೊರಗಿತ್ತು.

ಹನ್ನೆರಡನೆಯದೋ ಹದಿಮೂರನೆಯದೋ ಕರೆಗೆ ವಯಸ್ಸಾದ ಹೆಂಗಸಿನ ದನಿ ಕೇಳಿತು. ನಾನು ಪಟ್ಟಿಯಲ್ಲಿದ್ದ ಹೆಸರು ಹೇಳಿ, ಅವರಿದ್ದಾರಾ ಎಂದೆ.

"ಈಗಷ್ಟೇ ಇಬ್ಬರಿಗೆ ಹೇಳಿದೆ ಮಗಾ," ಎಂದರು ಅವರು. "ಅವ ಹೋಗಿ ಎರಡು ವರ್ಷ ಆತು. ನಾ ಅವನ ತಾಯಿ. ಫೋನು ನನ್ನ ಹತ್ರ ಉಂಟು."

ಆ ಹೆಸರು ಮೂರೂ ಪಟ್ಟಿಯಲ್ಲಿತ್ತು. ಬೆಂಚಿನ ಆ ತುದಿಯಲ್ಲಿ ಕೂತಿದ್ದ ಗಂಡನೂ ನಾದಿನಿಯ ಗಂಡನೂ ನನಗಿಂತ ಮೊದಲೇ ಅದೇ ತಾಯಿಗೆ ಅದೇ ಪ್ರಶ್ನೆ ಕೇಳಿದ್ದರು.

"ತಪ್ಪಾಯ್ತು ಅಮ್ಮಾ," ಎಂದೆ.

"ತಪ್ಪೆಂತ ಅದರಲ್ಲಿ? ಯಾರಿಗೆ ಬೇಕಿತ್ತು ರಕ್ತ? ಬಾಣಂತಿಗಾ? ಸಿಕ್ತದೆ, ಹೆದರಬೇಡ," ಎಂದು ಅವರೇ ನನಗೆ ಸಮಾಧಾನ ಹೇಳಿ ಫೋನಿಟ್ಟರು.

ಕಡೆಗೆ ಸಿಕ್ಕಿದವನು ಯಾವ ಪಟ್ಟಿಯಲ್ಲೂ ಇಲ್ಲದವನು. ಪಟ್ಟಿಯಲ್ಲಿದ್ದ ಒಬ್ಬ ಮೀನುಗಾರ ತಾನು ಬರಲಾಗದೆ, ಕಾಸರಕೋಡ ಬಂದರಿನಲ್ಲಿ ದೋಣಿ ಖಾಲಿ ಮಾಡುತ್ತಿದ್ದ ತನ್ನ ಜೊತೆಯವನನ್ನು ಕಳಿಸಿದ. ಆತ ತಲೆಗೆ ಎರಡು ಚೊಂಬು ನೀರು ಸುರಿದುಕೊಂಡು ಒದ್ದೆ ಅಂಗಿಯಲ್ಲೇ ಬೈಕ್ ಹತ್ತಿ ಬಂದ. ರಕ್ತ ಕೊಟ್ಟ, ಬಿಸ್ಕತ್ತು ತಿಂದ, ಹೆಸರು ಕೇಳುವಷ್ಟರಲ್ಲಿ ಹೋಗಿಯೂ ಬಿಟ್ಟ. ಸಂಜೆ ಐದಕ್ಕೆ ಡಾಕ್ಟರು ಇನ್ನು ಭಯವಿಲ್ಲ ಎಂದರು. ನಾದಿನಿ ಉಳಿದಳು.

ಮನೆಯವರಿಗೆಲ್ಲ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಬಾಣಂತಿಗೆ ಕಷಾಯ ಕುದಿಸುವಾಗಲೂ ಕಾಲೇಜಿಗೆ ಹೋಗುವ ಟೆಂಪೋದಲ್ಲೂ ಆ ತಾಯಿಯ "ಈಗಷ್ಟೇ ಇಬ್ಬರಿಗೆ ಹೇಳಿದೆ" ಎನ್ನುವ ಮಾತೇ ಕೇಳುತ್ತಿತ್ತು. ಕುಮಟೆಯ ಪಟ್ಟಿಯಲ್ಲಿ ಆ ಹೆಸರನ್ನು ಟೈಪ್ ಮಾಡಿದ್ದು ನಾನೇ ಎಂಬುದು ಎರಡು ದಿನದ ಮೇಲೆ ನೆನಪಾಯಿತು. ಅದು ನಮ್ಮ ಕಾಲೇಜಿನ ಶಿಬಿರದ ಪಟ್ಟಿ. ಅಂದು ಟೈಪ್ ಮಾಡಿ ಉಳಿಸಿ ಮರೆತುಬಿಟ್ಟಿದ್ದೆ.

ನಾನು ಇರುವುದು ಹೊಳನಗದ್ದೆಯಲ್ಲಿ, ಕೆಲಸ ಕುಮಟೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ. ಹದಿನೈದು ವರ್ಷದಿಂದ ಮಕ್ಕಳಿಗೆ ಒಂದೇ ಪಾಠ ಹೇಳಿಕೊಡುತ್ತ ಬಂದಿದ್ದೇನೆ. ಪಠ್ಯ ಕಡತದಲ್ಲಿ ಸಾಲು ಸಾಲಾಗಿ, ಕಾಮಾ ಹಾಕಿ ಬರೆದಿಟ್ಟ ಮಾಹಿತಿಯನ್ನು ಪ್ರೋಗ್ರಾಂ ಬರೆದು ಓದಿಸಿ ಡೇಟಾಬೇಸಿನ ಟೇಬಲ್ಲಿಗೆ ತುಂಬುವುದು. ಪಾಠದಲ್ಲಿ ಬರುವುದು ಯಾವುದೋ ಊರಿಲ್ಲದ ಕಂಪನಿಯ ನೌಕರರ ಹೆಸರುಗಳು. ಎಲ್ಲರಿಗೂ ಸರಿಯಾದ ನಂಬರು, ಸರಿಯಾದ ವಿಳಾಸ, ಯಾರೂ ಸಾಯುವುದಿಲ್ಲ. ನನಗೆ ಗೊತ್ತಿರುವ ವಿದ್ಯೆಯನ್ನು ಒಂದು ದಿನವೂ ಒಂದು ನಿಜವಾದ ಕೆಲಸಕ್ಕೆ ಹಚ್ಚಿರಲಿಲ್ಲ. ಈಗ ಹಚ್ಚುತ್ತೇನೆ ಎಂದುಕೊಂಡೆ. ಮೂರು ಪಟ್ಟಿ ಒಂದಾಗಬೇಕು. ಒಂದು ಮನೆಗೆ ಒಂದೇ ಕರೆ ಹೋಗಬೇಕು. ತೀರಿಹೋದವರ ಮನೆಗೆ ಹೋಗಲೇಬಾರದು.

ಗಂಡನಿಗೆ ಹೇಳಿದೆ. "ಎಂತಕ್ಕೆ ನಿಂಗೆ ಇಲ್ಲದ ಉಸಾಬರಿ?" ಎಂದವರು, ನನ್ನ ಮುಖ ನೋಡಿ, "ಆತು, ಭಾನುವಾರ ಬೈಕಿನಲ್ಲಿ ಕರ್ಕೊಂಡು ಹೋಗ್ತೆ," ಎಂದರು.

ಹೊನ್ನಾವರದ ಪಟ್ಟಿ ನಿವೃತ್ತ ಡ್ರಿಲ್ ಮಾಸ್ತರರೊಬ್ಬರದು. ಎಪ್ಪತ್ತರ ಹತ್ತಿರದ ಮನುಷ್ಯ, ಈಗಲೂ ಎದೆ ಸೆಟೆಸಿ ನಡೆಯುತ್ತಾರೆ. ಅವರು ಶಾಲೆಯ ಹಾಜರಿ ಪುಸ್ತಕದ ಶಿಸ್ತಿನಲ್ಲಿ ಬರೆದದ್ದನ್ನು ಮಗಳು ಕಂಪ್ಯೂಟರಿಗೆ ಏರಿಸಿದ್ದಳು. ಭಟ್ಕಳದ ಪಟ್ಟಿ ಔಷಧಿ ಅಂಗಡಿಯ ಸಾಹೇಬರದು. ಮನೆಯಲ್ಲಿ ನವಾಯತಿ, ಗಿರಾಕಿಗಳ ಜೊತೆ ಉರ್ದು, ನನ್ನ ಜೊತೆ ಕನ್ನಡ. ಅವರ ಪಟ್ಟಿ ಇಂಗ್ಲಿಷ್ ಅಕ್ಷರದಲ್ಲಿತ್ತು. ಒಂದೇ ಹೆಸರಿಗೆ ನಾಲ್ಕು ಥರದ ಸ್ಪೆಲ್ಲಿಂಗ್. ಕೇಳಿದರೆ, "ಮನುಷ್ಯ ಒಬ್ಬನೇ ಮೇಡಂ, ಬರೆಯುವಾಗ ನನ್ನ ಕನ್ನಡಕ ಬೇರೆ ಬೇರೆ," ಎಂದು ನಕ್ಕರು. ಇಬ್ಬರೂ ಎರಡು ಮಾತಾಡದೆ ಕಡತ ಕೊಟ್ಟರು. ಒಂದೇ ಷರತ್ತು. ಈ ಹೆಸರು, ನಂಬರು ಮೂವರ ಕೈ ಬಿಟ್ಟು ನಾಲ್ಕನೆಯವರಿಗೆ ಹೋಗಬಾರದು.

ಪ್ರಿನ್ಸಿಪಾಲರು ಸಂಜೆ ನಾಲ್ಕರಿಂದ ಆರರವರೆಗೆ ಲ್ಯಾಬ್ ಬಳಸಲು ಒಪ್ಪಿದರು. ಮೊದಲ ದಿನ ಕೂತವಳಿಗೆ, ಇದು ಒಂದು ವಾರದ ಕೆಲಸ ಎಂಬ ಧೈರ್ಯವಿತ್ತು. ಪ್ರೋಗ್ರಾಂ ಸಣ್ಣದು: ಕಡತ ತೆರೆ, ಒಂದು ಸಾಲು ಓದು, ಕಾಮಾ ಇದ್ದಲ್ಲಿ ಕತ್ತರಿಸು, ಹೆಸರು ಹೆಸರಿನ ಕಾಲಂಗೆ, ಗುಂಪು ಗುಂಪಿನ ಕಾಲಂಗೆ ಹಾಕು, ಮುಂದಿನ ಸಾಲಿಗೆ ಹೋಗು. ಮೂವತ್ತು ಸಾಲಿನ ಪ್ರೋಗ್ರಾಂ. ಓಡಿಸಿದೆ. ಏಳನೆಯ ದಾನಿಗೇ ನಿಂತಿತು.

ಆ ಏಳನೆಯವರು ವಿಳಾಸ ಬರೆಸುವಾಗ ಮನೆಯ ಪಕ್ಕದ ಗುಡಿ, ಕೇರಿ, ಊರು ಎಲ್ಲ ಹೇಳಿದ್ದರು. ಮಾಸ್ತರರ ಮಗಳು ಅಷ್ಟಕ್ಕೂ ಕಾಮಾ ಹಾಕಿದ್ದಳು. ನನ್ನ ಪ್ರೋಗ್ರಾಂ ಅಷ್ಟೂ ಕಡೆ ಕತ್ತರಿಸಿತು. ಕೇರಿ ಹೋಗಿ ಫೋನಿನ ಕಾಲಂನಲ್ಲಿ ಕೂತಿತು, ಊರು ಹೋಗಿ ರಕ್ತದ ಗುಂಪಾಯಿತು. ಅದನ್ನು ಸರಿ ಮಾಡಿದರೆ ಭಟ್ಕಳದ ಕಡತದಲ್ಲಿ ಓ ಅಕ್ಷರದ ಬದಲು ಸೊನ್ನೆ. ಅದನ್ನು ಸರಿ ಮಾಡಿದರೆ ಕೆಲವು ಫೋನ್ ನಂಬರುಗಳನ್ನು ಸ್ಪ್ರೆಡ್‌ಶೀಟು ದೊಡ್ಡ ಸಂಖ್ಯೆ ಎಂದು ತಿಳಿದು ದಶಮಾಂಶ ಮಾಡಿ ಮೊಟಕಾಗಿಸಿತ್ತು. ಕಡೆಯ ಅಂಕಿಗಳೆಲ್ಲ ಸೊನ್ನೆ. ಅವು ಮತ್ತೆ ಬರುವ ಹಾಗಿರಲಿಲ್ಲ. ಕೊನೆಗೆ ನಮ್ಮದೇ ಕುಮಟೆಯ ಕಡತ ತೆರೆದೆ. ಅಂದು ಫೋನಿಗೆ ಬಂದದ್ದು ಅದರ ಮುದ್ರಿತ ಪ್ರತಿಯ ಫೋಟೋ. ಹಳೆಯ ಕನ್ನಡ ಫಾಂಟಿನಲ್ಲಿ ನಾನು ಟೈಪ್ ಮಾಡಿದ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲಾಗಿ ಬಿದ್ದಿದ್ದವು. ಯಾವ ಚಿಹ್ನೆಗೆ ಯಾವ ಅಕ್ಷರ ಎಂದು ಒಂದು ಪರಿವರ್ತನೆಯ ಪಟ್ಟಿಯನ್ನೇ ಬರೆಯಬೇಕಾಯಿತು. ಒತ್ತಕ್ಷರಗಳಿಗೇ ಎರಡು ವಾರ ಹಿಡಿಯಿತು. ಅರ್ಕಾವತ್ತು ತನ್ನ ಜಾಗಕ್ಕೆ ಬಂದು ಕೂತ ದಿನ ಲ್ಯಾಬಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಮೂರು ಕಡತಗಳ ನಡುವೆ ಒಬ್ಬರೇ ಎರಡು ಮೂರು ಸಲ ಬರುವುದನ್ನು ತಪ್ಪಿಸಬೇಕಿತ್ತಲ್ಲ, ಅದಕ್ಕೆ ನಾನು ಕಂಡುಕೊಂಡ ಉಪಾಯ ಫೋನ್ ನಂಬರು. ಹೆಸರಿನ ಸ್ಪೆಲ್ಲಿಂಗ್ ಬದಲಾಗಬಹುದು, ನಂಬರು ಬದಲಾಗುವುದಿಲ್ಲ. ಒಂದು ನಂಬರು ಟೇಬಲ್ಲಿನಲ್ಲಿ ಒಂದೇ ಸಲ ಇರಬೇಕು ಎಂದು ಡೇಟಾಬೇಸಿಗೆ ನಿಯಮ ಹಾಕಿದೆ. ಎರಡನೇ ಸಲ ಬಂದರೆ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗು ಎಂದು ಪ್ರೋಗ್ರಾಮಿಗೆ ಹೇಳಿದೆ. ಒಂದು ಶುಕ್ರವಾರ ಸಂಜೆ ಮೂರೂ ಕಡತ ಎಲ್ಲೂ ನಿಲ್ಲದೆ ಓಡಿದವು. ಮನೆಗೆ ಹೋಗುವಾಗ ಎಲ್ಲರಿಗೂ ಜಿಲೇಬಿ ಒಯ್ದೆ.

ಭಾನುವಾರ ಲ್ಯಾಪ್‌ಟಾಪು ಹೊತ್ತು ಮಾಸ್ತರರ ಮನೆಗೆ ಹೋದೆವು. ಜಗಲಿಯಲ್ಲಿ ಕೂತು ತೋರಿಸಿದೆ. ಮಾಸ್ತರರು ಮೊದಲು ತಮ್ಮ ಹೆಸರನ್ನೇ ಹುಡುಕಿಸಿದರು. ಸಿಕ್ಕಿತು. ವಯಸ್ಸಾಯಿತೆಂದು ಈಗ ಕೊಡುವುದಿಲ್ಲ, ಆದರೆ ಹಿಂದೆ ಕೊಟ್ಟ ದಿನಾಂಕಗಳೆಲ್ಲ ಇದ್ದವು. ಖುಷಿಯಾದರು. ಆಮೇಲೆ, "ನಮ್ಮ ಮನೆಯವಳದ್ದು ತೆಗೀರಿ," ಎಂದರು.

ಹುಡುಕಿದೆ. ಇಲ್ಲ.

"ಸರಿ ನೋಡಿ ಅಕ್ಕೋರೆ. ನನಗಿಂತ ಎಂಟು ವರ್ಷ ಚಿಕ್ಕವಳು, ಹೋದ ವರ್ಷವೂ ಕೊಟ್ಟಿದ್ದಾಳೆ. ನನ್ನ ಕೆಳಗಿನ ಸಾಲೇ ಅವಳದ್ದು. ನಾನೇ ಬರೆದದ್ದು."

ಇನ್ನೊಂದು ಸಲ ಹುಡುಕಿದೆ. ಇರಲಿಲ್ಲ. ಚಹಾ ತಂದಿಡುತ್ತಿದ್ದ ಅವರ ಹೆಂಡತಿ ನಿಂತು ಕೇಳುತ್ತಿದ್ದರು. "ನಾನು ಇಲ್ಲವಾ ಹಾಗಾದರೆ?" ಎಂದು ನಗುತ್ತಲೇ ಕೇಳಿದರು. ನಾನು ಮೂಲ ಕಡತ ತೆರೆದು ನೋಡಿದೆ. ಮನೆಯಲ್ಲಿ ಇಬ್ಬರಿಗೂ ಒಂದೇ ಫೋನು. ಗಂಡನ ಸಾಲು ಮೊದಲು ಬಂತು, ನಂಬರು ಅವರದ್ದಾಯಿತು. ಹೆಂಡತಿಯ ಸಾಲು ಬಂದಾಗ ಈ ನಂಬರು ಈಗಾಗಲೇ ಇದೆ ಎಂದು ಪ್ರೋಗ್ರಾಂ ಅವರನ್ನು ಸದ್ದಿಲ್ಲದೆ ಹೊರಗೆ ಬಿಟ್ಟಿತು. ಹಾಗೆ ಬಿಡು ಎಂದು ಹೇಳಿಕೊಟ್ಟವಳು ನಾನು.

ಸೋಮವಾರ ನಾಲ್ಕಕ್ಕೆ ಕಾಯಲಿಲ್ಲ, ಊಟದ ಬಿಡುವಿನಲ್ಲೇ ಲ್ಯಾಬಿಗೆ ಹೋದೆ. ಬಿಟ್ಟುಹೋದ ಸಾಲುಗಳನ್ನು ಈ ಸಲ ಬೇರೆ ಕಡತಕ್ಕೆ ಬರೆಯಿಸಿದೆ. ಒಂದೇ ಮನುಷ್ಯನ ಎರಡನೇ ನಮೂದು ಎಂಬಂಥವನ್ನು ತೆಗೆದ ಮೇಲೂ ನೂರಾ ಹನ್ನೆರಡು ಸಾಲು ಉಳಿದವು. ನಂಬರು ಒಂದೇ, ಮನುಷ್ಯರು ಬೇರೆ. ಕೆಳಗೆ ಸರಿಸುತ್ತ ಹೋದಂತೆ ಕೈ ನಿಧಾನವಾಯಿತು. ಹೆಚ್ಚುಕಡಿಮೆ ಎಲ್ಲವೂ ಹೆಂಗಸರ ಹೆಸರು. ಗಂಡನ ನಂಬರು, ಅಣ್ಣನ ನಂಬರು, ಮಗನ ನಂಬರು ಕೊಟ್ಟವರು. ಅದರಲ್ಲಿ ಮೂವರು ಓ ನೆಗೆಟಿವ್.

ಇಷ್ಟು ವರ್ಷ ಪಾಠ ಹೇಳಿದವಳಿಗೆ ಇದು ಹೊಳೆಯಲಿಲ್ಲವೇ ಎಂದು ನಾಚಿಕೆಯಾಯಿತು. ನಾನೂ ಕಾಲೇಜಿಗೆ ಸೇರಿದ ಹೊಸತರಲ್ಲಿ ಎಲ್ಲ ಅರ್ಜಿಗೂ ಗಂಡನ ನಂಬರನ್ನೇ ಬರೆಯುತ್ತಿದ್ದೆ. ಅಂದು ಸಂಜೆ ಇಡೀ ಟೇಬಲನ್ನು ಅಳಿಸಿ ಮೊದಲಿನಿಂದ ಕೂತೆ. ಬೇಸರದಿಂದಲ್ಲ, ಹಟದಿಂದ.

ಈ ಸಲ ಕ್ರಮ ಬದಲಿಸಿದೆ. ಮೊದಲು ಕಡತದಲ್ಲಿ ಇರುವುದು ಇರುವ ಹಾಗೇ, ತಪ್ಪು ಸಮೇತ, ಒಂದು ಕಚ್ಚಾ ಟೇಬಲ್ಲಿಗೆ ಬರಬೇಕು. ಯಾರನ್ನೂ ಬಾಗಿಲಲ್ಲಿ ತಡೆಯಬಾರದು. ಎಷ್ಟು ಸಾಲು ಓದಿದೆ, ಎಷ್ಟು ಬಂತು, ಎರಡೂ ಲೆಕ್ಕ ಸರಿ ಹೊಂದದಿದ್ದರೆ ಅಂದಿನ ಕೆಲಸವಿಡೀ ರದ್ದಾಗಬೇಕು, ಅರ್ಧಂಬರ್ಧ ಉಳಿಯಕೂಡದು. ಆಮೇಲೆ ಅಲ್ಲಿಂದ ಒಬ್ಬೊಬ್ಬರನ್ನಾಗಿ ಪಕ್ಕಾ ಟೇಬಲ್ಲಿಗೆ ದಾಟಿಸುವುದು. ಮನುಷ್ಯರಿಗೆ ಒಂದು ಟೇಬಲ್, ಫೋನುಗಳಿಗೆ ಬೇರೆ ಟೇಬಲ್, ನಡುವೆ ಕೊಂಡಿ. ಒಂದು ಫೋನಿಗೆ ನಾಲ್ಕು ಜನ ಇರಬಹುದು, ಒಬ್ಬರಿಗೆ ಮೂರು ಫೋನು ಇರಬಹುದು. ದಾನ ಮಾಡಿದ ದಿನಾಂಕಗಳಿಗೆ ಮತ್ತೊಂದು ಟೇಬಲ್. ದಾಟಲಾಗದವರನ್ನು ಬಿಡುವುದಲ್ಲ, ಯಾಕೆ ದಾಟಲಾಗಲಿಲ್ಲ ಎಂದು ಕಾರಣ ಬರೆದು ಬೇರೆ ಪಟ್ಟಿಯಲ್ಲಿ ನಿಲ್ಲಿಸುವುದು.

ಹಾಗೆ ನಿಂತವರು ತೊಂಬತ್ತಕ್ಕೂ ಹೆಚ್ಚು. ನಂಬರು ಮೊಟಕಾದವರು, ಒಂದು ಪಟ್ಟಿಯಲ್ಲಿ ಪಾಸಿಟಿವ್ ಇನ್ನೊಂದರಲ್ಲಿ ನೆಗೆಟಿವ್ ಎಂದಿದ್ದವರು. ರಕ್ತದ ಗುಂಪು ಎರಡಿದ್ದರೆ ಹೊಸ ಪಟ್ಟಿಯದ್ದನ್ನು ನಂಬು ಎಂದು ಒಂದೇ ಸಾಲು ಬರೆದರೆ ಗುಂಪಿನ ಗೊಂದಲದವರೆಲ್ಲ ಕ್ಷಣದಲ್ಲಿ ದಾಟಿಬಿಡುತ್ತಿದ್ದರು. ಕೈ ಕೀಲಿಮಣೆಯ ಮೇಲೂ ಹೋಗಿತ್ತು. ಬರೆಯಲಿಲ್ಲ. ರಕ್ತನಿಧಿಯವರು ಹೇಗೂ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಾರೆ, ನಿಜ. ಆದರೆ ತಪ್ಪು ಗುಂಪಿನವರನ್ನು ಕರೆಸಿ ಒಂದು ತಾಸು ಕಳೆದರೆ ಆ ತಾಸು ಯಾರದ್ದು? ಬೆಂಚಿನ ಮೇಲೆ ಕೂತವರದ್ದು. ನಾನು ಊಹೆ ಮಾಡುವುದಿಲ್ಲ, ಕೇಳಿ ಬರುತ್ತೇನೆ ಎಂದು ನಿರ್ಧರಿಸಿದೆ.

ಫೋನಿನಲ್ಲಿ ಸಿಕ್ಕವರು ಸಿಕ್ಕರು. ಸಿಗದವರ ಮನೆಗೆ ಭಾನುವಾರಗಳಲ್ಲಿ ಹೋದೆವು. ಬೆಳಿಗ್ಗೆ ದೋಸೆ ತಿಂದು ಹೊರಟರೆ ಹೆದ್ದಾರಿಯ ಧೂಳು ಕುಡಿದು ಸಂಜೆಗೆ ವಾಪಸು. ಕೆಲವರು ಒಳಗೆ ಕರೆದು ಕೂರಿಸಿ ಕೋಕಂ ಶರಬತ್ತು ಕೊಟ್ಟರು. ಕೆಲವರು ಗೇಟಿನ ಆಚೆಯಿಂದಲೇ, ಯಾವ ಸರ್ವೆ ಇದು ಎಂದರು. ಇಬ್ಬರು ನಮ್ಮ ಹೆಸರು ತೆಗೆದುಬಿಡಿ ಎಂದರು, ತೆಗೆದೆ. ಗಂಡ ಮೊದಲೆರಡು ವಾರ ಬೈಕಿನ ಹತ್ತಿರವೇ ನಿಲ್ಲುತ್ತಿದ್ದವರು ಮೂರನೆಯ ವಾರದಿಂದ ತಾವೇ ಮುಂದೆ ಹೋಗಿ, "ನಿಮ್ಮ ರಕ್ತದ ಕಾರ್ಡು ಉಂಟಾ?" ಎಂದು ಕೇಳತೊಡಗಿದರು.

ಆ ತಾಯಿಯ ಮನೆಗೂ ಹೋಗಬೇಕಿತ್ತು. ತೀರಿಹೋದ ಅವರ ಮಗನ ಹೆಸರನ್ನು ನಾನು ಲ್ಯಾಬಿನಲ್ಲೇ ಅಳಿಸಲು ನೋಡಿದ್ದೆ. ಡೇಟಾಬೇಸು ಬಿಡಲಿಲ್ಲ. ಈ ಮನುಷ್ಯನಿಗೆ ಸೇರಿದ ದಾನದ ದಾಖಲೆಗಳು ಇನ್ನೊಂದು ಟೇಬಲ್ಲಿನಲ್ಲಿವೆ, ಇವನನ್ನು ಅಳಿಸಿದರೆ ಅವು ಅನಾಥವಾಗುತ್ತವೆ, ಆದ್ದರಿಂದ ಅಳಿಸಲಾಗದು ಎಂಬ ಅರ್ಥದ ಸಂದೇಶ ಬಂತು. ಆ ನಿಯಮ ಹಾಕಿದ್ದೂ ನಾನೇ. ಅಳಿಸುವ ಬದಲು 'ಕರೆಯಬಾರದು' ಎಂಬ ಹೊಸ ಕಾಲಂ ಸೇರಿಸಿದೆ. ಆದರೂ ಆ ಮನೆಯವರನ್ನು ಕೇಳದೆ ಇಟ್ಟುಕೊಳ್ಳುವುದು ಸರಿಯೆನಿಸಲಿಲ್ಲ.

ಹೊನ್ನಾವರದ ಪೇಟೆಯಿಂದ ಒಳಗೆ, ತೆಂಗಿನ ಮರಗಳ ನಡುವೆ ಸಣ್ಣ ಹಂಚಿನ ಮನೆ. ಅಂಗಳದಲ್ಲಿ ಅವರು ಕೊತ್ತಂಬರಿ ಮಡಿಗೆ ನೀರು ಹಾಕುತ್ತಿದ್ದರು. ನಾನು ಯಾರೆಂದು ಹೇಳಿದೆ. ಆ ದಿನದ ಮೂರನೇ ಫೋನು ನನ್ನದು ಎಂದೂ ಹೇಳಿದೆ.

"ಬಾಣಂತಿ ಹೇಗಿದ್ದಾಳೆ?" ಎಂದು ಮೊದಲು ಕೇಳಿದರು. ಚೆನ್ನಾಗಿದ್ದಾಳೆ ಎಂದೆ. ಜಗಲಿಯ ಮೇಲೆ ಚಾಪೆ ಹಾಕಿದರು.

"ಇನ್ನು ಮುಂದೆ ನಿಮಗೆ ಯಾರೂ ಫೋನ್ ಮಾಡುವುದಿಲ್ಲ ಅಮ್ಮಾ. ಮೂರೂ ಪಟ್ಟಿಯಲ್ಲಿ ಅದು ಸರಿಯಾಗಿದೆ. ಹೆಸರು ಪೂರ್ತಿ ತೆಗೆಯಬೇಕಾ, ಇರಲಾ, ನೀವು ಹೇಳಿದ ಹಾಗೆ."

ಅವರು ಚಾಪೆಯ ತುದಿಯಲ್ಲಿ ಕೂತರು. "ಹೆಸರಿನ ಜೊತೆ ಎಂತ ಎಂತ ಉಂಟು ಅದರಲ್ಲಿ?"

"ಕೊಟ್ಟ ದಿನಗಳು ಇವೆ."

"ಎಷ್ಟು ಸಲ ಕೊಟ್ಟಿದ್ದ ಅವ?"

ಮೂರು ಊರಿನ ಪಟ್ಟಿ ಬೇರೆ ಬೇರೆ ಇದ್ದಾಗ ಈ ಪ್ರಶ್ನೆಗೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಭಟ್ಕಳದಲ್ಲಿ ಎರಡು, ಹೊನ್ನಾವರದಲ್ಲಿ ಆರು, ಕುಮಟೆಯ ನಮ್ಮ ಶಿಬಿರದಲ್ಲಿ ಒಂದು. "ಒಂಬತ್ತು ಸಲ," ಎಂದೆ.

"ನನಗೆ ಹೇಳಿದ್ದು ನಾಲ್ಕು ಸಲ ಅಂತ," ಎಂದರು. "ಬೈತೇನೆ ಅಂತ ಉಳಿದದ್ದು ಹೇಳಲಿಲ್ಲ ಕಾಣ್ತದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಇರ್ಲಿ. ತೆಗೀಬೇಡ."

ಆ ಮೂವರು ಓ ನೆಗೆಟಿವ್ ಹೆಂಗಸರಲ್ಲಿ, ಕೊಟ್ಟ ನಂಬರು ಹತ್ತದೆ ಇನ್ನೂ ಬಾಕಿ ನಿಂತಿದ್ದ ಒಬ್ಬರ ಮನೆ ಭಟ್ಕಳದ ಹತ್ತಿರದ ಹೆಬಳೆಯಲ್ಲಿ. ಸಾಹೇಬರು ದಾರಿ ತೋರಿಸಲು ತಾವೇ ಜೊತೆಗೆ ಬಂದರು. ಮನೆಯ ಮುಂದೆ ಮಲ್ಲಿಗೆಯ ಗಿಡಗಳು. ಆಕೆ ಮೂವತ್ತೈದರ ಆಸುಪಾಸಿನವಳು, ಬಾಗಿಲ ಬಳಿ ಕೂತು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಿದ್ದಳು. ಸಾಹೇಬರನ್ನು ಕಂಡು ಎದ್ದು ನಿಂತಳು.

"ನೀವು ರಕ್ತ ಕೊಡ್ತೇನೆ ಅಂತ ಹೆಸರು ಬರೆಸಿದ್ದಿರಾ?" ಎಂದೆ.

"ಬರೆಸಿದ್ದೆ. ಎರಡು ಸಲ ಕೊಟ್ಟಿದ್ದೇನೆ ಕೂಡ. ಅದರ ನಂತರ ಯಾರೂ ಕರೀಲೇ ಇಲ್ಲ. ನನ್ನದು ಬೇಡವೇನೋ ಅಂತ ಮಾಡಿದ್ದೆ." ಒಳಗೆ ಹೋಗಿ ಡಬ್ಬಿಯಿಂದ ಕಾರ್ಡು ತಂದಳು. ಅದು ಪ್ಲಾಸ್ಟಿಕ್ ಕವರಿನಲ್ಲಿ ಹೊಸದರಂತೆ ಇತ್ತು.

ಅವಳು ಕೊಟ್ಟದ್ದು ಗಂಡನ ನಂಬರು. ಗಂಡ ಗೋವಾದ ಕಡೆಯ ದೋಣಿಯಲ್ಲಿ ದುಡಿಯುತ್ತಾನೆ. ಸಮುದ್ರಕ್ಕೆ ಹೋದರೆ ಎಂಟು ಹತ್ತು ದಿನ ಫೋನು ಹತ್ತುವುದಿಲ್ಲ. ನಾನು ನಾದಿನಿಯ ಹೆರಿಗೆಯಾದ ತಿಂಗಳು, ತಾರೀಖು ಹೇಳಿ, ಆ ದಿನ ಎಲ್ಲಿದ್ದಿರಿ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಇನ್ನೆಲ್ಲಿ ಅಕ್ಕಾ, ಇಲ್ಲೇ. ಹೂವಿನ ಕಾಲ ಅದು. ಮನೆ ಬಿಟ್ಟು ಹೋಗೂದೇ ಇಲ್ಲ."

ವ್ಯಾಪ್ತಿ ಪ್ರದೇಶದ ಹೊರಗಿದ್ದ ಆ ನಂಬರು ಅವಳ ಹೆಸರಿನ ಮುಂದಿನದೇ. ಮೀನುಗಾರನ ಜೊತೆಯವನು ಬರುವುದನ್ನು ಕಾಯುತ್ತ ನಾವು ಬೆಂಚಿನ ಮೇಲೆ ಕೂತಿದ್ದಾಗ ಅವಳು ಇಲ್ಲಿ ಹೂ ಕಟ್ಟುತ್ತಿದ್ದಳು. ಈಗ ಅವಳ ಹತ್ತಿರವೂ ಒಂದು ಸಣ್ಣ ಫೋನು ಇತ್ತು. ಪಟ್ಟಿಯಲ್ಲಿ ಬದಲಿಸಬೇಕೆಂದು ಅವಳಿಗೂ ಗೊತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಅವಳದ್ದು, ಪಕ್ಕದ ಮನೆಯವರದ್ದು, ಗಂಡನದ್ದು, ಮೂರು ನಂಬರು ಬರೆದುಕೊಂಡೆ. ಯಾವುದಕ್ಕೆ ಮೊದಲು ಮಾಡಬೇಕು ಎಂದೂ ಕೇಳಿದೆ.

"ನಂದಕ್ಕೇ ಮಾಡಿ," ಎಂದಳು.

ಬಾಕಿ ನಿಂತವರ ಪಟ್ಟಿ ಹೆಚ್ಚುಕಡಿಮೆ ಖಾಲಿಯಾಗಲು ಐದು ತಿಂಗಳು ಹಿಡಿಯಿತು. ಹನ್ನೊಂದು ಜನ ಕೊನೆಗೂ ಸಿಗಲಿಲ್ಲ. ಅವರು ಇಂದಿಗೂ ಕಾರಣ ಸಮೇತ ಆ ಪಟ್ಟಿಯಲ್ಲೇ ಇದ್ದಾರೆ.

ಮೊದಲ ಕರೆ ಬಂದದ್ದು ಒಂದು ಗುರುವಾರ ಹನ್ನೊಂದು ಗಂಟೆಗೆ, ನಾನು ತರಗತಿಯಲ್ಲಿದ್ದಾಗ. ಕುಮಟೆಯಲ್ಲಿ ಒಬ್ಬ ಶಾಲಾ ಶಿಕ್ಷಕಿಗೆ ತುರ್ತು ಶಸ್ತ್ರಚಿಕಿತ್ಸೆ, ಓ ನೆಗೆಟಿವ್ ಬೇಕು ಎಂದು ಮಾಸ್ತರರು ತಿಳಿಸಿದರು. ಮಕ್ಕಳಿಗೆ ಎರಡು ನಿಮಿಷ ಎಂದು ಹೇಳಿ ಅಲ್ಲೇ ಹುಡುಕಿದೆ. ಗಂಡಸರಾದರೆ ದಾನದ ನಡುವೆ ಮೂರು ತಿಂಗಳು ಕಳೆದಿರಬೇಕು, ಹೆಂಗಸರಾದರೆ ನಾಲ್ಕು. ಕಳೆಯದವರನ್ನು ಪ್ರೋಗ್ರಾಂ ತಾನೇ ಕೆಳಗೆ ಹಾಕುತ್ತದೆ. ಮೇಲೆ ಬಂದ ಮೊದಲ ಹೆಸರಿನವರಿಗೆ ಜ್ವರ. ಎರಡನೆಯ ಹೆಸರು ಹೆಬಳೆಯವಳದ್ದು. ಎರಡೇ ರಿಂಗಿಗೆ ಎತ್ತಿದಳು.

"ಬರ್ತೆ. ಬಸ್ಸಿಗೆ ಹೋಗೂದಾ, ರೈಲಿಗಾ?" ಎಂದು ಕೇಳಿದಳೇ ಹೊರತು ಇನ್ನೇನೂ ಕೇಳಲಿಲ್ಲ.

ಸಾಹೇಬರು ತಮ್ಮ ಕಾರಿನಲ್ಲಿ ಅವಳನ್ನೂ ಅವಳ ಪಕ್ಕದ ಮನೆಯವಳನ್ನೂ ಕರೆದುಕೊಂಡು ಬಂದರು. ಎರಡು ಗಂಟೆಯ ಹೊತ್ತಿಗೆ ನಾನು ರಕ್ತನಿಧಿಗೆ ಹೋದಾಗ ಅವಳು ಮಲಗಿ, ಕೈಯಲ್ಲಿ ಹಿಡಿದ ಚೆಂಡನ್ನು ಒತ್ತುತ್ತಿದ್ದಳು. "ಹೂವು ಅರ್ಧ ಕಟ್ಟಿ ಬಿಟ್ಟು ಬಂದೆ ಅಕ್ಕಾ, ಬಾಡ್ತದೆ," ಎಂದಳು. ಚೆಂಡನ್ನು ಇನ್ನೊಂದು ಸಲ ಒತ್ತಿ ಅವಳೇ, "ಬಾಡ್ಲಿ ಬಿಡಿ," ಎಂದಳು. ಅಂದು ನಾವು ಒಟ್ಟು ಮಾಡಿದ ಕರೆ ಎರಡು.

ಈಗ ತಿಂಗಳಿಗೊಮ್ಮೆ ಹೊಸ ಹೆಸರುಗಳನ್ನು ತುಂಬುವ ಕೆಲಸ ಒಬ್ಬಳದೇ ಆಗಬಾರದೆಂದು ಮಾಸ್ತರರ ಮಗಳಿಗೂ ಸಾಹೇಬರಿಗೂ ಕಲಿಸಿದ್ದೇನೆ. ಸಾಹೇಬರು ಕಲಿಯಲು ಒಂದು ತಿಂಗಳು ತೆಗೆದುಕೊಂಡರು. ಕಲಿತ ಮೇಲೆ ಯಾರ ಮಾತೂ ಕೇಳುವುದಿಲ್ಲ. ಮೊನ್ನೆ ಬೆಳಿಗ್ಗೆ ಅಂಗಡಿಯಿಂದಲೇ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟು.

"ಮೇಡಂ, ನಿಮ್ಮ ಪ್ರೋಗ್ರಾಂ ಒಬ್ಬರನ್ನು ಕರೆಯುವವರ ಪಟ್ಟಿಯೊಳಗೆ ಬಿಡ್ತಾ ಇಲ್ಲ."

"ಕಾರಣ ಎಂತ ಬರೆದಿದೆ?"

"ವಯಸ್ಸು ಅರವತ್ತೈದು ದಾಟಿದೆ ಅಂತ."

"ಹಾಗಾದರೆ ಅವರು ಕೊಡುವ ಹಾಗಿಲ್ಲ ಸಾಹೇಬರೇ. ಅದು ನಿಯಮ."

"ಆದರೆ ಮನುಷ್ಯ ಗಟ್ಟಿ ಇದ್ದಾನೆ. ದಿನಾ ಬೆಳಿಗ್ಗೆ ನಡೀತಾನೆ, ಶುಗರ್ ಇಲ್ಲ, ಬಿಪಿ ಇಲ್ಲ."

"ಯಾರು ಅವರು?"

ದನಿ ತಗ್ಗಿಸಿ, "ನಾನೇ," ಎಂದರು.

ಮೂವತ್ತು ವರ್ಷ ಕೊಟ್ಟವರು. ಪಟ್ಟಿ ಶುರು ಮಾಡಿದವರು. ಅವರೊಬ್ಬರಿಗೆ ನಿಯಮ ಸಡಿಲಿಸುವುದು ನನ್ನ ಕೈಯಲ್ಲೇ ಇತ್ತು. ಸಡಿಲಿಸಲಿಲ್ಲ. ಆಗುವುದಿಲ್ಲ ಎಂದು ಮೆಲ್ಲಗೆ ಹೇಳಿದೆ. ಅಂಗಡಿಯಲ್ಲಿ ಯಾರೋ ಗಿರಾಕಿ ಬಂದ ಸದ್ದು, ಉರ್ದುವಿನಲ್ಲಿ ಎರಡು ಮಾತು, ಮಾತ್ರೆಯ ಹಾಳೆ ಕತ್ತರಿಸಿದ ಸದ್ದು ಕೇಳಿತು. ಆಮೇಲೆ ಫೋನು ಕಿವಿಗೆ ಹಿಡಿದು, "ಆತು," ಎಂದರು. "ಸೊಸೆ ಇದ್ದಾಳೆ. ಅವಳೇ ಕೇಳ್ತಾ ಇದ್ದಳು, ನಾನೂ ಕೊಡಬಹುದಾ ಅಂತ. ಗುಂಪು ಬಿ ಪಾಸಿಟಿವ್. ಬರ್ಕೊಳ್ತೀರಾ, ನಾನೇ ತುಂಬಲಾ?"

"ನೀವೇ ತುಂಬಿ," ಎಂದೆ. "ನಂಬರು ಮಾತ್ರ ಅವಳದ್ದೇ ಹಾಕಿ."

"ಅವಳದ್ದೇ ಹಾಕ್ತಿದ್ದೇನೆ," ಎಂದವರು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತ ಒತ್ತತೊಡಗಿದರು. ಹತ್ತೂ ಮುಗಿಯುವವರೆಗೆ ನಾನು ಲೈನಿನಲ್ಲೇ ಇದ್ದೆ.